ಹೆಂಡತಿ ಭಾರತದ ಪ್ರಜೆ, ನೀವು ಅಮೆರಿಕದ ಪ್ರಜೆ: ಜಂಟಿ ರಿಟರ್ನ್‌ಗೆ ಸಹಿ ಹಾಕುವ ಮೊದಲು

ಅಮೆರಿಕದ ತೆರಿಗೆ ರಿಟರ್ನ್ ಅನ್ನು ಹೆಂಡತಿಯ ಜೊತೆ ಜಂಟಿಯಾಗಿ ಸಲ್ಲಿಸಲೋ ಪ್ರತ್ಯೇಕವಾಗಿಯೋ ಎಂದು ಕೇಳಿ ಬರೆದಿದ್ದೀರಿ. ಜಂಟಿ ರಿಟರ್ನಿನ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಅಮೆರಿಕದ ಪೌರತ್ವ, ಬೆಂಗಳೂರಿನಲ್ಲಿ ಕೆಲಸ, ಅಮೆರಿಕದಲ್ಲಿ ಒಂದು ದಿನವೂ ವಾಸವಿರದ ಹೆಂಡತಿ, ಜಂಟಿಯಾಗಿ ಸಲ್ಲಿಸಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡರಷ್ಟು ಎಂದು ತೋರಿಸುವ ಸಾಫ್ಟ್‌ವೇರ್. ನೀವು ಬರೆದಿರುವುದೆಲ್ಲ 2020ರಲ್ಲಿ ನನ್ನ ಮೇಜಿನ ಮೇಲೂ ಇತ್ತು. ನಾನು ಸಹಿ ಹಾಕಿದೆ, ಹೆಂಡತಿಯಿಂದಲೂ ಹಾಕಿಸಿದೆ. 2019ರ ಅರ್ಧ ವರ್ಷ ಅಲ್ಲಿನ ಸಂಬಳ ಇದ್ದುದರಿಂದ ಸುಮಾರು 4,000 ಡಾಲರ್ ಉಳಿಯಿತು. ಅದನ್ನು ಸರಿಪಡಿಸಲು ಮುಂದೆ ಲೆಕ್ಕಿಗರಿಗೆ ಕೊಟ್ಟದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು.

ತಪ್ಪು ಎಲ್ಲಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಮೆರಿಕದ ಪ್ರಜೆಯಲ್ಲದ, ಗ್ರೀನ್ ಕಾರ್ಡ್ ಇಲ್ಲದ, ಅಲ್ಲಿ ವಾಸವೂ ಇಲ್ಲದ ಹೆಂಡತಿಯ ಜೊತೆ ಜಂಟಿ ರಿಟರ್ನ್ ಸಲ್ಲಿಸಬೇಕಾದರೆ, ಆಕೆಯನ್ನು ತೆರಿಗೆಯ ಮಟ್ಟಿಗೆ ಅಮೆರಿಕದ ನಿವಾಸಿ ಎಂದು ಪರಿಗಣಿಸಿ ಎಂಬ ಹೇಳಿಕೆಯನ್ನು ಇಬ್ಬರೂ ಸಹಿ ಮಾಡಿ ರಿಟರ್ನ್‌ಗೆ ಲಗತ್ತಿಸಬೇಕು. ಇದು ಅಮೆರಿಕದ ತೆರಿಗೆ ಕಾನೂನಿನ 6013(ಜಿ) ಕಲಮಿನ ಆಯ್ಕೆ. ನಾನು ಇದನ್ನು ಆ ಒಂದು ವರ್ಷದ ಮಾತು ಅಂದುಕೊಂಡೆ. 2020, 2021, 2022ರಲ್ಲಿ ಏನೂ ಲಾಭ ಕಾಣದ್ದರಿಂದ ‘ವಿವಾಹಿತ, ಪ್ರತ್ಯೇಕ ಸಲ್ಲಿಕೆ’ ಎಂದು ನನ್ನೊಬ್ಬನ ರಿಟರ್ನ್ ಕಳಿಸಿದೆ. ಅಲ್ಲಿಗೆ ಹೆಂಡತಿಯ ಕಥೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಆ ಆಯ್ಕೆ ವರ್ಷಕ್ಕೊಮ್ಮೆ ಹಾಕುವ ಟಿಕ್ ಮಾರ್ಕ್ ಅಲ್ಲ. ಒಮ್ಮೆ ಮಾಡಿದರೆ, ಲಿಖಿತವಾಗಿ ಹಿಂತೆಗೆದುಕೊಳ್ಳುವ ತನಕ, ಇಲ್ಲವೇ ಸಾವು, ವಿಚ್ಛೇದನದಂಥ ಕಾರಣ ಬರುವ ತನಕ ನಡೆಯುತ್ತಲೇ ಇರುತ್ತದೆ. ಮರುವರ್ಷ ಪ್ರತ್ಯೇಕವಾಗಿ ಸಲ್ಲಿಸುವುದಕ್ಕೆ ಅವಕಾಶವಿದೆ ನಿಜ, ಆದರೆ ಆಗಲೂ ಹೆಂಡತಿ ಅಮೆರಿಕದ ತೆರಿಗೆ ನಿವಾಸಿಯೇ. ಅಂದರೆ ಅವಳೂ ತನ್ನದೇ ರಿಟರ್ನ್ ಸಲ್ಲಿಸಬೇಕು. ಪ್ರತ್ಯೇಕವಾಗಿ ಸಲ್ಲಿಸುವ ವಿವಾಹಿತರಿಗೆ ರಿಟರ್ನ್ ಕಡ್ಡಾಯವಾಗುವ ಆದಾಯದ ಮಿತಿ 5 ಡಾಲರ್. ಐದು ಸಾವಿರವಲ್ಲ, ಐದು. ಉಳಿತಾಯ ಖಾತೆಯ ಬಡ್ಡಿಯೇ ಅದನ್ನು ದಾಟಿಸುತ್ತದೆ. ನಾನು ಮೂರು ವರ್ಷ ಸರಿಯಾಗಿ ಸಲ್ಲಿಸುತ್ತಿದ್ದೇನೆ ಎಂದುಕೊಂಡಿದ್ದಾಗ ಅವಳ ಹೆಸರಿನಲ್ಲಿ ಮೂರು ವರ್ಷದ ರಿಟರ್ನ್ ಬಾಕಿ ಬೀಳುತ್ತಿತ್ತು.

ಈಗ ಅವಳ ಹೆಸರಿನಲ್ಲಿ ಏನಿತ್ತು ನೋಡಿ. ಶಿರಸಿ ಕಡೆ ತವರಿನ ಅಡಿಕೆ ತೋಟದಲ್ಲಿ ಪಾಲು. ಕೃಷಿ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕಕ್ಕೆ ಆ ವಿನಾಯಿತಿ ಲೆಕ್ಕವೇ ಅಲ್ಲ. ಇಲ್ಲಿ ತೆರಿಗೆ ಕಟ್ಟದ ಕಾರಣ ಆ ಆದಾಯದಿಂದ ಅಲ್ಲಿ ತೋರಿಸಲು ವಿದೇಶಿ ತೆರಿಗೆ ಕ್ರೆಡಿಟ್ಟೂ (ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನು ಅಮೆರಿಕದ ತೆರಿಗೆಯಲ್ಲಿ ಕಳೆಯುವ ರಿಯಾಯಿತಿ) ಹುಟ್ಟುವುದಿಲ್ಲ. ಮಾರಾಟದ ಲೆಕ್ಕಕ್ಕೆ ಸೊಸೈಟಿಯ ಪಟ್ಟಿ ಇತ್ತು: ಚೀಲ, ತೂಕ, ದರ, ಕಮಿಷನ್ ಕಳೆದು ಕೈಗೆ ಬಂದದ್ದು. ಖರ್ಚಿಗೆ ಏನೂ ಇರಲಿಲ್ಲ. ಅಡಿಕೆ ಕೊನೆ ಕೊಯ್ದವರಿಗೆ, ಸುಲಿದವರಿಗೆ, ಮಳೆಗಾಲಕ್ಕೆ ಮುಂಚೆ ಮದ್ದು ಹೊಡೆದವರಿಗೆ ಕೊಟ್ಟದ್ದೆಲ್ಲ ನಗದು, ಮಾವನವರ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು. ಅದನ್ನು ಜನವರಿಯಿಂದ ಡಿಸೆಂಬರ್‌ಗೆ ವಿಂಗಡಿಸಿ, ಡಾಲರ್‌ಗೆ ಪರಿವರ್ತಿಸಿ ಕೃಷಿ ಆದಾಯದ ಷೆಡ್ಯೂಲ್ ತುಂಬಬೇಕಾಯಿತು. ಪಿಪಿಎಫ್ ಬಡ್ಡಿಯದೂ ಇದೇ ಪಾಡು: ಇಲ್ಲಿ ಪೂರ್ತಿ ವಿನಾಯಿತಿ, ಅಲ್ಲಿ ಆಯಾ ವರ್ಷದ ಆದಾಯ.

ಇವೆರಡನ್ನೂ ತಡೆದುಕೊಳ್ಳಬಹುದಿತ್ತು. ಮ್ಯೂಚುವಲ್ ಫಂಡ್ ತಡೆದುಕೊಳ್ಳುವಂಥದ್ದಲ್ಲ. ಭಾರತದ ಮ್ಯೂಚುವಲ್ ಫಂಡ್ ಅಮೆರಿಕದ ಕಾನೂನಿನ ಕಣ್ಣಿಗೆ ಪಿಎಫ್‌ಐಸಿ, ಅಂದರೆ ಬರೀ ಹೂಡಿಕೆಗಾಗಿ ಇರುವ ವಿದೇಶಿ ಕಂಪನಿ. ಪ್ರತಿ ಫಂಡಿಗೂ ಪ್ರತಿ ವರ್ಷವೂ ಬೇರೆ ಬೇರೆ ಫಾರ್ಮ್ 8621. ವರ್ಷದ ಕೊನೆಗೆ ಎಲ್ಲ ಫಂಡುಗಳ ಮೌಲ್ಯ 25,000 ಡಾಲರ್ ದಾಟದಿದ್ದರೆ, ಜಂಟಿಯಾದರೆ 50,000, ಮತ್ತು ಮಾರಾಟ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಬಿಡುಗಡೆ ಸಿಗುತ್ತದೆ. ಅವಳ ಏಳು ಫಂಡುಗಳು 25,000 ದಾಟಿದ್ದವು. ಏಳು ಫಂಡು, ಮೂರು ವರ್ಷ, 21 ಫಾರ್ಮ್. 2022ರಲ್ಲಿ ಮನೆಯ ಮುಂಗಡಕ್ಕೆಂದು ಎರಡು ಫಂಡ್ ಮಾರಿದ್ದೆವು. ಎಸ್‌ಐಪಿಯ ಪ್ರತಿ ತಿಂಗಳ ಕಂತೂ ಬೇರೆ ಖರೀದಿ, ಪ್ರತಿಯೊಂದಕ್ಕೂ ಹಿಡಿದಿಟ್ಟ ದಿನಗಳ ಲೆಕ್ಕ ಬೇರೆ. ಲಾಭವನ್ನು ದಿನವಾರು ಹಂಚಿ, ಅವಳು ತೆರಿಗೆ ನಿವಾಸಿಯಾದ ಮೇಲಿನ ಹಿಂದಿನ ವರ್ಷಗಳ ಪಾಲಿಗೆ ಅತಿ ಹೆಚ್ಚಿನ ದರ, ಅಂದರೆ 37%, ಮೇಲೆ ಬಡ್ಡಿ. ಅವಳ ಆದಾಯ ಎಷ್ಟೇ ಕಡಿಮೆ ಇರಲಿ, ಆ ಪಾಲಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ನೆರಳಾಗುವುದಿಲ್ಲ.

ಬಾಕಿ ಸರಿಪಡಿಸಿದ್ದು ‘ಸ್ಟ್ರೀಮ್‌ಲೈನ್ಡ್’ ದಾರಿಯಲ್ಲಿ, ಅಂದರೆ ಬೇಕೆಂದು ಮಾಡದ ತಪ್ಪನ್ನು ತಿದ್ದಿಕೊಳ್ಳಲು ಅಮೆರಿಕದ ತೆರಿಗೆ ಇಲಾಖೆ ಕೊಟ್ಟಿರುವ ವ್ಯವಸ್ಥೆಯಲ್ಲಿ: ಹಿಂದಿನ 3 ವರ್ಷದ ರಿಟರ್ನ್, ಬೇಕೆಂದು ಮುಚ್ಚಿಟ್ಟದ್ದಲ್ಲ ಎಂದು ವಿವರಿಸುವ ಫಾರ್ಮ್ 14653, ತೆರಿಗೆ, ಬಡ್ಡಿ. ದಂಡ ಬೀಳಲಿಲ್ಲ. 14653ರಲ್ಲಿ ‘ಗೊತ್ತಿರಲಿಲ್ಲ’ ಎಂದು ಒಂದೇ ಸಾಲು ಬರೆದರೆ ಸಾಲದು. ಯಾವಾಗ ಏನು ನಂಬಿದ್ದಿರಿ, ಯಾರ ಸಲಹೆ ಕೇಳಿದ್ದಿರಿ, ಯಾವಾಗ ತಿಳಿಯಿತು ಎಂದು ಕ್ರಮವಾಗಿ ಬರೆಯಬೇಕು. ನಂತರ 2023ನೇ ವರ್ಷದಿಂದ ಆಯ್ಕೆಯನ್ನು ಹಿಂತೆಗೆದುಕೊಂಡೆವು. ಅದಕ್ಕೆ ಇಬ್ಬರ ಹೆಸರು, ವಿಳಾಸ, ಗುರುತಿನ ಸಂಖ್ಯೆ ಇರುವ, ಕನಿಷ್ಠ ಒಬ್ಬರ ಸಹಿ ಇರುವ ಹೇಳಿಕೆ ಸಾಕು. ಆದರೆ ಆ ವರ್ಷದ ರಿಟರ್ನಿನ ಗಡುವಿನೊಳಗೆ ಕೊಡಬೇಕು. ದಂಪತಿಯ ಆಸ್ತಿ ಇಬ್ಬರಿಗೂ ಸಮಪಾಲು ಎನ್ನುವ ಕಾನೂನಿರುವ ಕಡೆ ನಿಮ್ಮ ಖಾಯಂ ವಾಸವೋ ಬಾಡಿಗೆ ಬರುವ ಜಾಗವೋ ಇದ್ದರೆ ಅದನ್ನೂ ಹೇಳಿಕೆಯಲ್ಲಿ ಕಾಣಿಸಬೇಕು. ಕರ್ನಾಟಕದಲ್ಲಿ ಅಂಥ ಕಾನೂನಿಲ್ಲ, ಗೋವಾದಲ್ಲಿ ಮನೆ ಇದ್ದವರು ಗಮನಿಸಿ. ಹೀಗೆ ಹಿಂತೆಗೆದುಕೊಂಡ ಮೇಲೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿತು. ನಾಳೆ ನಿಜವಾಗಿ ಬೇಕಾದರೂ ನಾವಿಬ್ಬರೂ ಈ ಆಯ್ಕೆಯನ್ನು ಮತ್ತೆ ಮಾಡುವಂತಿಲ್ಲ.

ಹಾಗಾಗಿ ಜಂಟಿಯೋ ಪ್ರತ್ಯೇಕವೋ ಎಂಬ ನಿಮ್ಮ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗಿದೆ. ನಿಮ್ಮ ಸಂಬಳದಲ್ಲಿ ಇಲ್ಲಿ ಟಿಡಿಎಸ್ ಹೋಗುತ್ತಿದೆ. ಬೆಂಗಳೂರಿನ ಒಳ್ಳೆಯ ಸಂಬಳಕ್ಕೆ ಇಲ್ಲಿನ ತೆರಿಗೆ ಅಮೆರಿಕದ ತೆರಿಗೆಗಿಂತ ಹೆಚ್ಚೇ ಇರುತ್ತದೆ. ವಿದೇಶಿ ತೆರಿಗೆ ಕ್ರೆಡಿಟ್ಟಿನ ಫಾರ್ಮ್ 1116 ತುಂಬಿದರೆ ಅಲ್ಲಿ ಕಟ್ಟುವುದು ಹೆಚ್ಚುಕಡಿಮೆ ಸೊನ್ನೆ, ಮಿಕ್ಕ ಕ್ರೆಡಿಟ್ 10 ವರ್ಷ ಮುಂದಕ್ಕೆ ಸಾಗುತ್ತದೆ. ಸೊನ್ನೆಯ ಮೇಲೆ ಡಿಡಕ್ಷನ್ ದುಪ್ಪಟ್ಟಾದರೆ ಏನು ಬಂತು? ಆ ಒಂದು ಸೊನ್ನೆಗಾಗಿ ನಿಮ್ಮ ಮನೆಯವರ ತೋಟ, ಪಿಪಿಎಫ್, ಫಂಡುಗಳನ್ನೆಲ್ಲ ಅಮೆರಿಕದ ತೆರಿಗೆಯ ಬಲೆಯೊಳಗೆ ತರುತ್ತೀರಿ. 1116ರಲ್ಲಿ ಸಂಬಳ ‘ಜನರಲ್’ ವರ್ಗಕ್ಕೆ, ಎಫ್‌ಡಿ ಬಡ್ಡಿ ‘ಪ್ಯಾಸಿವ್’ ವರ್ಗಕ್ಕೆ, ಎರಡೂ ಬೇರೆ ಫಾರ್ಮ್. ನಮ್ಮ ಫಾರ್ಮ್ 16 ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಆದ್ದರಿಂದ ಪೇ ಸ್ಲಿಪ್‌ಗಳನ್ನು ತಿಂಗಳುವಾರು ಇಟ್ಟುಕೊಂಡು ಕ್ಯಾಲೆಂಡರ್ ವರ್ಷಕ್ಕೆ ಹೊಂದಿಸಿ.

ಇನ್ನೊಂದು ಮಾತನ್ನು ಮರೆಯಬೇಡಿ. ಪ್ರತ್ಯೇಕವಾಗಿ ಸಲ್ಲಿಸಿದ್ದನ್ನು 3 ವರ್ಷದೊಳಗೆ ತಿದ್ದುಪಡಿ ರಿಟರ್ನ್ ಮೂಲಕ ಜಂಟಿ ಮಾಡಿಕೊಳ್ಳಬಹುದು. ಜಂಟಿಯಾಗಿ ಸಲ್ಲಿಸಿದ್ದನ್ನು ಗಡುವು ದಾಟಿದ ಮೇಲೆ ಪ್ರತ್ಯೇಕ ಮಾಡಲು ಬರುವುದಿಲ್ಲ. ಕಾಯುವುದರಿಂದ ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಪ್ರತ್ಯೇಕ ಸಲ್ಲಿಕೆಗೆ ಹೆಂಡತಿಗೆ ಐಟಿಐಎನ್ (ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದವರಿಗೆ ಕೊಡುವ ತೆರಿಗೆ ಸಂಖ್ಯೆ) ಬೇಡ. ಸಂಗಾತಿಯ ಸಂಖ್ಯೆ ಕೇಳುವಲ್ಲಿ ‘ಎನ್‌ಆರ್‌ಎ’ (NRA, ಅಂದರೆ ಅನಿವಾಸಿ ವಿದೇಶಿ) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಕೆಲವು ಸಾಫ್ಟ್‌ವೇರ್ ಇದನ್ನು ಒಪ್ಪುವುದಿಲ್ಲ, ಆಗ ಮುದ್ರಿಸಿ ಅಂಚೆಯಲ್ಲಿ ಕಳಿಸಿ. ಹೊರದೇಶದಲ್ಲಿರುವವರಿಗೆ ಜೂನ್ 15ರ ತನಕ ಸಮಯ ತಾನಾಗಿಯೇ ಸಿಗುತ್ತದೆ.

ನಿಮಗೆ ಅಮೆರಿಕದ ಪೌರತ್ವವಿರುವ ಮಗು ಇದ್ದರೆ ಲೆಕ್ಕ ಇನ್ನೂ ಚೆನ್ನಾಗಿದೆ. ಮಗು ಅರ್ಧ ವರ್ಷಕ್ಕಿಂತ ಹೆಚ್ಚು ನಿಮ್ಮ ಜೊತೆಗಿದ್ದು, ಮನೆ ಖರ್ಚಿನ ಅರ್ಧಕ್ಕಿಂತ ಹೆಚ್ಚು ನೀವು ಹೊತ್ತರೆ, ಹೆಂಡತಿ ವರ್ಷಪೂರ್ತಿ ಅನಿವಾಸಿಯಾಗಿರುವ ಕಾರಣಕ್ಕೇ ನೀವು ‘ಹೆಡ್ ಆಫ್ ಹೌಸ್‌ಹೋಲ್ಡ್’ (ಮನೆ ನಡೆಸುವವರಿಗೆ ಇರುವ ಬೇರೆ ಸಲ್ಲಿಕೆ ವರ್ಗ) ಆಗಬಹುದು. 2025ಕ್ಕೆ ಅದರ ಡಿಡಕ್ಷನ್ 23,625 ಡಾಲರ್, ಪ್ರತ್ಯೇಕ ಸಲ್ಲಿಕೆಗೆ 15,750. ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇರುವ 17 ತುಂಬದ ಮಗುವಿಗೆ 2,200 ಡಾಲರ್ ಚೈಲ್ಡ್ ಕ್ರೆಡಿಟ್, ಅದರಲ್ಲಿ 1,700ರವರೆಗೆ ತೆರಿಗೆ ಸೊನ್ನೆಯಾದರೂ ಕೈಗೆ ಬರಬಹುದು. ಆದರೆ ಫಾರ್ಮ್ 2555 ತುಂಬಿ ಸಂಬಳಕ್ಕೆ ವಿನಾಯಿತಿ ಪಡೆದವರಿಗೆ ಈ ಕೈಗೆ ಬರುವ ಪಾಲು ಇಲ್ಲ. 1116 ಹಿಡಿಯಿರಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಬ್ಯಾಂಕ್ ಖಾತೆಗಳ ವಿಷಯ. ನಿಮ್ಮ ಎಲ್ಲ ಭಾರತೀಯ ಖಾತೆಗಳ ಗರಿಷ್ಠ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ, ಸಲ್ಲಿಸಬೇಕು. ಹೆಂಡತಿಯೊಬ್ಬರದೇ ಹೆಸರಿನ ಖಾತೆ ಇದರಲ್ಲಿ ಬರುವುದಿಲ್ಲ, ಜಂಟಿ ಖಾತೆ ಪೂರ್ತಿ ಮೊತ್ತಕ್ಕೆ ಬರುತ್ತದೆ. ಅಪ್ಪನ ಖಾತೆಯಲ್ಲಿ ನಿಮಗೆ ಸಹಿ ಅಧಿಕಾರವಿದ್ದರೆ ಅದೂ ಸೇರುತ್ತದೆ. ಆದ್ದರಿಂದ ಹೆಂಡತಿಯ ಸಂಬಳದ ಖಾತೆಗೆ ‘ಇರಲಿ’ ಎಂದು ನಿಮ್ಮ ಹೆಸರು ಸೇರಿಸಬೇಡಿ, ನಾಮಿನಿ ಆದರೆ ಸಾಕು.

ಮೈಸೂರಿನಲ್ಲಿ ಹೆಂಡತಿಯ ಹೆಸರಿಗೆ ಸೈಟ್ ಕೊಳ್ಳುವ ಯೋಚನೆ ಇದೆ ಎಂದಿದ್ದೀರಿ. ಅಮೆರಿಕದ ಪ್ರಜೆಯಾದ ಸಂಗಾತಿಗೆ ಎಷ್ಟು ಕೊಟ್ಟರೂ ಗಿಫ್ಟ್ ತೆರಿಗೆಯ ತಂಟೆ ಇಲ್ಲ. ಪ್ರಜೆಯಲ್ಲದ ಸಂಗಾತಿಗೆ ಮಿತಿ ಇದೆ: 2025ಕ್ಕೆ 1,90,000 ಡಾಲರ್. ದಾಟಿದರೆ ಗಿಫ್ಟ್ ತೆರಿಗೆಯ ರಿಟರ್ನ್ ಆದ ಫಾರ್ಮ್ 709. ಜಂಟಿ ರಿಟರ್ನ್ ಸಲ್ಲಿಸಿದರೂ ಇದು ಬದಲಾಗುವುದಿಲ್ಲ. ಇನ್ನು ನಿಮ್ಮ ದುಡ್ಡಿನಿಂದ ಅವರ ಹೆಸರಿಗೆ ಕೊಂಡು ಕಟ್ಟಿದ ಮನೆಯ ಬಾಡಿಗೆಯನ್ನು ಭಾರತದ ತೆರಿಗೆ ಕಾನೂನು ನಿಮ್ಮ ಆದಾಯಕ್ಕೇ ಸೇರಿಸುತ್ತದೆ, ಅಮೆರಿಕದ ಲೆಕ್ಕದಲ್ಲಿ ಅದು ಅವರದು. ಕ್ರಯಪತ್ರಕ್ಕೆ ಮೊದಲೇ ಇಬ್ಬರು ಲೆಕ್ಕಿಗರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ.

ಜಂಟಿ ರಿಟರ್ನ್ ಸಲ್ಲಿಸಿದರೆ ಮುಂದೆ ಮನೆಯವರಿಗೂ ಸೋಷಿಯಲ್ ಸೆಕ್ಯೂರಿಟಿ, ಅಂದರೆ ಅಮೆರಿಕದ ಸರ್ಕಾರಿ ಪಿಂಚಣಿ, ಬರುತ್ತದೆ ಎಂದು ಯಾರೋ ಹೇಳಿದ್ದಾಗಿ ಬರೆದಿದ್ದೀರಿ. ಎರಡಕ್ಕೂ ಸಂಬಂಧವೇ ಇಲ್ಲ. ಅಲ್ಲಿ ದುಡಿದು ಕಟ್ಟಿದ್ದಕ್ಕೆ ಸಿಗುವ 40 ಕ್ರೆಡಿಟ್ ನಿಮಗೆ ತುಂಬಿದ್ದರೆ ಸಂಗಾತಿಯಾಗಿ ಅವರಿಗೆ ನಿಮ್ಮ ಮೊತ್ತದ ಅರ್ಧದವರೆಗೆ ಹಕ್ಕಿದೆ. ಆದರೆ ಪ್ರಜೆಯಲ್ಲದ ಸಂಗಾತಿ ಸತತ 6 ತಿಂಗಳಿಗಿಂತ ಹೆಚ್ಚು ಅಮೆರಿಕದ ಹೊರಗಿದ್ದರೆ ಹಣ ನಿಲ್ಲುತ್ತದೆ. ನಿಲ್ಲದಿರಬೇಕಾದರೆ ನಿಮ್ಮ ಹೆಂಡತಿಯಾಗಿ ಒಟ್ಟು 5 ವರ್ಷ ಅಮೆರಿಕದಲ್ಲಿ ವಾಸವಿದ್ದಿರಬೇಕು. ಬೆಂಗಳೂರಿನಲ್ಲೇ ಇರುವವರು ಅದನ್ನು ನಂಬಿಕೊಂಡು ನಿವೃತ್ತಿಯ ಯೋಜನೆ ಮಾಡಬಾರದು. ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದ ಕಾರಣ ಇಲ್ಲಿ ಇಪಿಎಫ್ ಕಟ್ಟಿದ ವರ್ಷಗಳು ನಿಮ್ಮ 40ಕ್ಕೆ ಸೇರುವುದೂ ಇಲ್ಲ. ನಾಳೆ ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡಿದರೆ, ಇಲ್ಲಿ ಕುಳಿತು ದುಡಿದದ್ದಕ್ಕೂ ಅಮೆರಿಕದ 15.3% ಸ್ವಯಂ ಉದ್ಯೋಗ ತೆರಿಗೆ ಬೀಳುತ್ತದೆ. ಅದಕ್ಕೆ 1116ರ ಕ್ರೆಡಿಟ್ ಉಪಯೋಗಕ್ಕೆ ಬಾರದು.

ಜಂಟಿ ರಿಟರ್ನ್ ಸರಿಹೋಗುವ ಸಂದರ್ಭ ನನಗೆ ಕಾಣುವುದು ಒಂದೇ: ಮನೆಯವರ ಹೆಸರಿನಲ್ಲಿ ಫಂಡು, ತೋಟ, ಬಾಡಿಗೆ ಏನೂ ಇಲ್ಲ, ಮತ್ತು ನೀವಿಬ್ಬರೂ ಒಂದೆರಡು ವರ್ಷದಲ್ಲಿ ಅಮೆರಿಕಕ್ಕೆ ಹೋಗುವುದು ಗಟ್ಟಿ. ಅದಲ್ಲವಾದರೆ, ಅವರ ಪ್ಯಾನ್ ಹಾಕಿ ಎಲ್ಲ ಫಂಡುಗಳ ಒಟ್ಟು ಸ್ಟೇಟ್‌ಮೆಂಟ್ ತರಿಸಿ, ಪಿಪಿಎಫ್ ಪಾಸ್‌ಬುಕ್, ಪಹಣಿಯ ಪ್ರತಿ ಪಕ್ಕಕ್ಕಿಟ್ಟುಕೊಂಡು ನೋಡಿ. ಸಾಫ್ಟ್‌ವೇರ್ ಈ ಮೂರನ್ನೂ ಕೇಳಿಲ್ಲ.