ಮನೆಯಲ್ಲೊಂದು ಭಾಷೆ, ನರ್ಸರಿಯಲ್ಲಿ ಇನ್ನೊಂದು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪುಟ್ಟ ಮಕ್ಕಳ ಭಾಷೆಯ ಬಗ್ಗೆಯೇ ಇವೆ. ಅಪ್ಪ ಅಮ್ಮಂದಿರೂ ಕೇಳಿದ್ದಾರೆ, ಟೀಚರ್‌ಗಳೂ ಕೇಳಿದ್ದಾರೆ.

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ನರ್ಸರಿಗೆ ಸೇರಿಸಿ ಮೂರು ತಿಂಗಳಾಯಿತು. ಅಲ್ಲಿನ ಭಾಷೆ ನಮ್ಮ ಮನೆಮಾತಲ್ಲ. "ಮನೆಯಲ್ಲೂ ಶಾಲೆಯ ಭಾಷೆಯನ್ನೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ" ಎಂದು ಟೀಚರ್ ಹೇಳಿದ್ದಾರೆ. ನನಗೂ ನನ್ನ ಗಂಡನಿಗೂ ಆ ಭಾಷೆ ಅಷ್ಟಕ್ಕಷ್ಟೇ. ಏನು ಮಾಡಲಿ?

ಮನೆಮಾತನ್ನು ನಿಲ್ಲಿಸಬೇಡಿ. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ, ಮೊದಲಿಗಿಂತ ಜಾಸ್ತಿಯೇ ಮಾತಾಡಿ. ಟೀಚರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಈ ಸಲಹೆ ಪಾಲಿಸಿದರೆ ಮಗುವಿಗೆ ಆಗುವ ನಷ್ಟ ದೊಡ್ಡದು.

ಈ ವಯಸ್ಸಿನ ಮಗು ಮಾತು ಕಲಿಯುತ್ತಲೇ ಲೋಕವನ್ನೂ ಕಲಿಯುತ್ತಿರುತ್ತದೆ. ಮಳೆ ಯಾಕೆ ಬರುತ್ತದೆ, ನಿನ್ನೆ ಅಂದರೆ ಏನು, ಆ ಪಾಪು ಯಾಕೆ ಅತ್ತಿತು, ಯಾವುದು ಹೆಚ್ಚು ಯಾವುದು ಕಮ್ಮಿ. ಇದೆಲ್ಲ ನಿಮ್ಮ ಜೊತೆಗಿನ ಮಾತುಕತೆಯಲ್ಲೇ ತಿಳಿಯಬೇಕು. ಸರಿಯಾಗಿ ಬಾರದ ಭಾಷೆಯಲ್ಲಿ ನೀವು ಮಾತಾಡಲು ಹೋದರೆ "ಬಾ, ಕೂತ್ಕೋ, ತಿನ್ನು, ಬೇಡ" ಇಷ್ಟಕ್ಕೇ ಮಾತು ಮುಗಿದುಹೋಗುತ್ತದೆ. ಕಥೆ ಇರುವುದಿಲ್ಲ, ತಮಾಷೆ ಇರುವುದಿಲ್ಲ, ಅಳುವಾಗ ಸಮಾಧಾನ ಮಾಡಲೂ ಮಾತು ಸಿಗುವುದಿಲ್ಲ.

ಮನೆಮಾತಿನಲ್ಲಿ ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ಎಣಿಸುವುದು ಅಂದರೆ ಏನು ಎಂದು ಒಂದು ಭಾಷೆಯಲ್ಲಿ ಅರ್ಥವಾದ ಮಗು, ಇನ್ನೊಂದು ಭಾಷೆಯಲ್ಲಿ ಅಂಕಿಗಳ ಹೆಸರು ಕಲಿತರೆ ಸಾಕು. ಕೆನಡಾದ ಭಾಷಾಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1970ರ ದಶಕದಿಂದಲೂ ಇದನ್ನು ಒತ್ತಿ ಹೇಳುತ್ತ ಬಂದವರು. ಹೊಸ ಭಾಷೆಯಲ್ಲಿ ದಿನಬಳಕೆಯ ಮಾತು ಬರಲು ಸುಮಾರು 2 ವರ್ಷ ಬೇಕು, ಪಾಠ ಓದಿ ಅರ್ಥ ಮಾಡಿಕೊಳ್ಳುವ ಮಟ್ಟಕ್ಕೆ ಬರಲು 5ರಿಂದ 7 ವರ್ಷ ಹಿಡಿಯುತ್ತದೆ ಎಂದೂ ಅವರ ಕೆಲಸ ತೋರಿಸಿದೆ. ಮೂರೇ ತಿಂಗಳಿಗೆ ಹಿಂದೆ ಬೀಳುವ ಮಾತೆಲ್ಲಿ ಬಂತು?

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಅಮೆರಿಕದಲ್ಲಿ ಭಾಷಾ ಸಂಶೋಧಕಿ ಲಿಲಿ ವಾಂಗ್ ಫಿಲ್ಮೋರ್ 1991ರಲ್ಲಿ ವಲಸೆ ಬಂದ ಕುಟುಂಬಗಳ ಬಗ್ಗೆ ಬರೆದರು. ತೀರಾ ಚಿಕ್ಕವರಿರುವಾಗಲೇ ಬರೀ ಇಂಗ್ಲಿಷ್ ನಡೆಯುವ ಶಿಶುಶಾಲೆಗೆ ಹೋದ ಮಕ್ಕಳಲ್ಲಿ ಅನೇಕರು ಮನೆಮಾತನ್ನು ಬೇಗ ಬಿಟ್ಟರು. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರಲಿಲ್ಲ. ಕೊನೆಗೆ ಕೆಲವು ಮನೆಗಳಲ್ಲಿ ಬೆಳೆದ ಮಕ್ಕಳ ಜೊತೆ ಮನಬಿಚ್ಚಿ ಮಾತಾಡಲು ಒಂದು ಭಾಷೆಯೇ ಉಳಿಯಲಿಲ್ಲ. ಬುದ್ಧಿ ಹೇಳುವುದು, ಕಷ್ಟ ಕೇಳುವುದು ಯಾವ ಭಾಷೆಯಲ್ಲಿ?

ಟೀಚರ್ ಜೊತೆ ಜಗಳ ಬೇಡ, ಕೈಜೋಡಿಸಿ. ಮುಂದಿನ ವಾರ ಯಾವ ಕಥೆ, ಯಾವ ಹಾಡು ಎಂದು ಮೊದಲೇ ಕೇಳಿಕೊಳ್ಳಿ. ಆ ಕಥೆಯನ್ನು ಮನೆಯಲ್ಲಿ ನಿಮ್ಮ ಭಾಷೆಯಲ್ಲಿ ಹೇಳಿ. ತರಗತಿಯಲ್ಲಿ ಅದನ್ನು ಕೇಳುವಾಗ ಮಗುವಿಗೆ ಕಥೆ ಗೊತ್ತಿರುತ್ತದೆ, ಹೊಸ ಪದಗಳ ಮೇಲೆ ಮಾತ್ರ ಗಮನ ಕೊಟ್ಟರೆ ಸಾಕಾಗುತ್ತದೆ. ನೀರು, ಶೌಚಾಲಯ, ನೋವು, ಹಸಿವು, "ಅಮ್ಮ ಆಮೇಲೆ ಬರ್ತಾಳೆ". ಇಂಥ ಹತ್ತು ಹನ್ನೆರಡು ಮಾತುಗಳನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಟೀಚರ್‌ಗೆ ಓದಲು ಬರುವ ಲಿಪಿಯಲ್ಲಿ ಬರೆದುಕೊಡಿ. ಮಗು ಅಳುವಾಗ ಆ ಒಂದು ಹಾಳೆ ತುಂಬಾ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಎರಡೂವರೆ ವರ್ಷದ ಮಗ ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುತ್ತಾನೆ. ತಲೆಯಲ್ಲಿ ಗೊಂದಲವಾಗಿದೆಯಾ?

ಇಲ್ಲ. ಒಂದು ಭಾಷೆಯಲ್ಲಿ ಪದ ಸಿಗದಿದ್ದರೆ ಇನ್ನೊಂದರಿಂದ ತೆಗೆದುಕೊಳ್ಳುತ್ತಾನೆ, ಅಷ್ಟೇ. ದೊಡ್ಡವರಾದ ನಾವೂ ದಿನವಿಡೀ ಅದನ್ನೇ ಮಾಡುತ್ತೇವೆ, ಅಲ್ವಾ? ಭಾಷೆಗಳನ್ನು ಬೇರೆಬೇರೆಯಾಗಿ ಹಿಡಿಯುವ ಶಕ್ತಿ ಮಕ್ಕಳಿಗೆ ಬಹಳ ಬೇಗ ಬರುತ್ತದೆ. ಹುಟ್ಟಿ ಕೆಲವೇ ದಿನಗಳಾದ ಶಿಶುಗಳು ಕೂಡ ಲಯ ಬೇರೆಯಿರುವ ಎರಡು ಭಾಷೆಗಳ ವ್ಯತ್ಯಾಸ ಗುರುತಿಸುತ್ತವೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಶಿಶುಗಳು ಹಿಂದಿಯ 'ತ' ಮತ್ತು 'ಟ' ಬೇರೆ ಎಂದು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನ ಶಿಶುಗಳಲ್ಲಿ ಆ ಸಾಮರ್ಥ್ಯ ಕಾಣಲಿಲ್ಲ. ಕಿವಿಗೆ ಬೀಳುವ ಭಾಷೆಗಳಿಗೆ ಮಗು ಅಷ್ಟು ಬೇಗ ಹೊಂದಿಕೊಳ್ಳುತ್ತದೆ.

ತಿದ್ದಲು ಹೋಗಬೇಡಿ. ಅವನು ಹೇಳಿದ್ದನ್ನು ನಿಮ್ಮ ಭಾಷೆಯಲ್ಲಿ ಪೂರ್ತಿಯಾಗಿ ಒಮ್ಮೆ ಹೇಳಿ, ಮಾತು ಮುಂದುವರಿಸಿ. ಪದಗಳ ಲೆಕ್ಕ ಹಾಕುವಾಗ ಎರಡೂ ಭಾಷೆಯವನ್ನು ಸೇರಿಸಿಯೇ ಹಾಕಬೇಕು. ಒಂದನ್ನೇ ಎಣಿಸಿದರೆ ಚೆನ್ನಾಗಿ ಬೆಳೆಯುತ್ತಿರುವ ಮಗುವೂ ಹಿಂದಿರುವಂತೆ ಕಾಣುತ್ತದೆ. ಹಾಗೆಯೇ, ಎರಡು ಭಾಷೆ ಕಲಿತರೆ ಬುದ್ಧಿ ಚುರುಕಾಗುತ್ತದೆ ಎಂಬ ಜಾಹೀರಾತಿನ ಮಾತಿಗೂ ಮರುಳಾಗಬೇಡಿ. ಆ ಬಗ್ಗೆ ಸಂಶೋಧಕರಲ್ಲೇ ಇನ್ನೂ ಚರ್ಚೆ ನಡೆಯುತ್ತಿದೆ. ಎರಡು ಭಾಷೆ ಬರುವುದೇ ಸಾಕಷ್ಟು ದೊಡ್ಡ ಲಾಭ.

ಪ್ರಶ್ನೆ: ನಾನು ನರ್ಸರಿ ಟೀಚರ್. ನನ್ನ ತರಗತಿಯಲ್ಲಿ ಐದಾರು ಮನೆಮಾತಿನ ಮಕ್ಕಳಿದ್ದಾರೆ. ನನಗೆ ಅವುಗಳಲ್ಲಿ ಎರಡು ಮಾತ್ರ ಬರುತ್ತವೆ. ನಾಲ್ಕು ವರ್ಷದ ಒಬ್ಬ ಹುಡುಗ ಸೇರಿ ಆರು ವಾರವಾದರೂ ಬಾಯಿ ಬಿಟ್ಟಿಲ್ಲ. ಏನೋ ತೊಂದರೆ ಇರಬಹುದಾ?

ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಸುಮ್ಮನಿರುವುದು ಸಾಮಾನ್ಯ. ಆ ಹೊತ್ತಿನಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಆದ್ದರಿಂದ ಮಾತಿನ ಬದಲು ಅವನ ಉಳಿದ ನಡವಳಿಕೆ ನೋಡಿ. ಬೇರೆ ಮಕ್ಕಳ ಪಕ್ಕ ಹೋಗಿ ಕೂರುತ್ತಾನಾ? ಕೈಸನ್ನೆ ಮಾಡುತ್ತಾನಾ? ಹಾಡಿನ ಜೊತೆ ಕೈ ಆಡಿಸುತ್ತಾನಾ? ನೀವು ಹೇಳಿದ್ದನ್ನು ಈಗೀಗ ಬೇಗ ಅರ್ಥ ಮಾಡಿಕೊಳ್ಳುತ್ತಾನಾ? ಹೌದಾದರೆ ಕಲಿಕೆ ನಡೆಯುತ್ತಿದೆ.

ಮನೆಯವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಮನೆಯಲ್ಲಿ, ಮನೆಮಾತಿನಲ್ಲಿ ಹೇಗೆ ಮಾತಾಡುತ್ತಾನೆ? ಅಲ್ಲೂ ಪದಗಳು ಕಮ್ಮಿ, ವಾಕ್ಯ ಕೂಡಿಸಲು ಬರುವುದಿಲ್ಲ ಅಂದರೆ ಕಾಯಬೇಡಿ. ಕಿವಿ ಪರೀಕ್ಷೆ ಮಾಡಿಸಲು, ಮಾತಿನ ತಜ್ಞರನ್ನು ಕಾಣಲು ಹೇಳಿ. ನಿಜವಾದ ಮಾತಿನ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಮನೆಯಲ್ಲಿ ಸರಾಗವಾಗಿ ಮಾತಾಡಿ, ಶಾಲೆಯಲ್ಲಿ ತಿಂಗಳುಗಟ್ಟಲೆ ಮೈ ಬಿಗಿಹಿಡಿದು, ಆಟಕ್ಕೂ ಸೇರದೆ, ತನ್ನ ಭಾಷೆಯ ಗೆಳೆಯರ ಜೊತೆಯೂ ಮಾತಾಡದೆ ಇದ್ದರೆ ಅದು ಆತಂಕದಿಂದ ಬರುವ ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಅದಕ್ಕೂ ತಜ್ಞರ ಸಹಾಯ ಬೇಕು. ಎರಡು ಸಂದರ್ಭದಲ್ಲೂ "ಮನೆಮಾತು ಬಿಡಿ" ಎನ್ನುವುದು ಔಷಧಿಯಲ್ಲ.

ಐದಾರು ಭಾಷೆ ನಿಮಗೆ ಬರಬೇಕಿಲ್ಲ. ಅವನ ಹೆಸರನ್ನು ಅಮ್ಮ ಕರೆಯುವ ಹಾಗೆ ಕರೆಯಲು ಕಲಿಯಿರಿ. ದಿನದ ಕೆಲಸಗಳನ್ನು ಚಿತ್ರವಾಗಿ ಗೋಡೆಗೆ ಹಚ್ಚಿ, ಒಂದೊಂದಕ್ಕೂ ದಿನಾ ಅದೇ ಮಾತು ಬಳಸಿ. ಒಂದು ಹಾಡನ್ನೋ ಕಥೆಯನ್ನೋ ಮನೆಯವರ ದನಿಯಲ್ಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಎಲ್ಲ ಮಕ್ಕಳಿಗೂ ಕೇಳಿಸಿ. "ಒಂದು ಮಾತು ಹೇಳು, ಕೊಡ್ತೀನಿ" ಎಂದು ಎಲ್ಲರ ಮುಂದೆ ಪುಸಲಾಯಿಸುವುದು ಬೇಡ. ಅವನ ಪಕ್ಕ ಕೂತು, ಅವನು ಕಟ್ಟುತ್ತಿರುವುದರ ಬಗ್ಗೆ ನೀವೇ ಮಾತಾಡುತ್ತಿರಿ, ಉತ್ತರ ಬರಲೇಬೇಕೆಂದು ಕಾಯಬೇಡಿ. ಅದೇ ಮನೆಮಾತಿನ ಇನ್ನೊಂದು ಮಗು ಇದ್ದರೆ ಇಬ್ಬರನ್ನೂ ಒಟ್ಟಿಗೆ ಆಡಲು ಬಿಡಿ, ಅವರ ಭಾಷೆಯಲ್ಲೇ ಮಾತಾಡಲಿ. "ಇಲ್ಲಿ ಶಾಲೆಯ ಭಾಷೆ ಮಾತ್ರ" ಎಂಬ ನಿಯಮ ನಿಮ್ಮಲ್ಲಿದ್ದರೆ ಅದನ್ನು ತೆಗೆಸಲು ದಯವಿಟ್ಟು ಮುಖ್ಯಸ್ಥರ ಜೊತೆ ಮಾತಾಡಿ. ನಾಲ್ಕು ವರ್ಷದವನಿಗೆ ಅದು "ನಿನ್ನ ಅಮ್ಮನ ಮಾತು ಇಲ್ಲಿ ಬೇಡ" ಎಂದೇ ಕೇಳಿಸುತ್ತದೆ.

ಪ್ರಶ್ನೆ: ವರ್ಷಕ್ಕೊಮ್ಮೆ 'ಸಂಸ್ಕೃತಿ ದಿನ' ಮಾಡಿ, ಮಕ್ಕಳಿಗೆ ಬೇರೆಬೇರೆ ಉಡುಪು ಹಾಕಿಸುತ್ತೇವೆ. ಇದು ಸಾಕೇ?

ಮಾಡಿ, ತಪ್ಪಿಲ್ಲ. ಆದರೆ ಸಾಲದು. ಅಮೆರಿಕದ ಶಿಶುಶಿಕ್ಷಣ ತಜ್ಞೆ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಮತ್ತು ಜೊತೆಗಾರರು 1989ರಲ್ಲೇ ಇದಕ್ಕೆ 'ಪ್ರವಾಸಿ ಪಠ್ಯಕ್ರಮ' ಎಂದು ಹೆಸರಿಟ್ಟರು. ಒಂದು ದಿನ ನೋಡಿ ಬರುವುದು, ಮರುದಿನ ಎಂದಿನಂತೆ. ಬೇರೆಯವರು ಅಂದರೆ ಹಬ್ಬದ ಉಡುಪಿನವರು ಎಂದಷ್ಟೇ ಮಗುವಿನ ಮನಸ್ಸಿನಲ್ಲಿ ಕೂರುತ್ತದೆ.

ದಿನದಿನದ ಬದುಕು ತರಗತಿಯೊಳಗೆ ಬರಲಿ. ಮಗುವನ್ನು ಮಲಗಿಸುವುದು ಹೇಗೆ, ಸಮಾಧಾನ ಮಾಡುವುದು ಯಾರು, ಊಟ ಕೈಯಲ್ಲೋ ಚಮಚದಲ್ಲೋ, ದೊಡ್ಡವರನ್ನು ಏನೆಂದು ಕರೆಯುತ್ತಾರೆ ಎಂದು ಪ್ರತಿ ಮನೆಯವರನ್ನೂ ಕೇಳಿ. ಹೆಸರೋ ಉಡುಪೋ ನೋಡಿ ನೀವೇ ಊಹಿಸಬೇಡಿ. ಒಂದೇ ಭಾಷೆಯ ಎರಡು ಮನೆಗಳೂ ಒಂದೇ ಥರ ಇರುವುದಿಲ್ಲ. ಆಟದ ಅಡುಗೆಮನೆಯಲ್ಲಿ ಅವರವರ ಮನೆಯ ಪಾತ್ರೆಗಳಿರಲಿ. "ನಿಮ್ಮವರು ಏನು ಮಾಡುತ್ತಾರೆ ಹೇಳು" ಎಂದು ಒಂದು ಮಗುವನ್ನು ಎಲ್ಲರ ಮುಂದೆ ನಿಲ್ಲಿಸಬೇಡಿ. ಮೈಬಣ್ಣದ ಬಗ್ಗೆ ಮಕ್ಕಳು ಕೇಳಿದರೆ 'ಶ್' ಎನ್ನದೆ, ನೇರವಾಗಿ ಉತ್ತರ ಕೊಡಿ.

ನ್ಯೂಜಿಲೆಂಡ್ ಈ ವಿಷಯದಲ್ಲಿ ನನಗೆ ತುಂಬಾ ಇಷ್ಟ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಭಾಷೆ ಕೈಜಾರುತ್ತಿದೆ ಎನಿಸಿದಾಗ, 1982ರಲ್ಲಿ ಆ ಸಮುದಾಯದವರೇ 'ಕೊಹಂಗಾ ರೆಯೊ' ಎಂಬ ಶಿಶುಕೇಂದ್ರಗಳನ್ನು ಶುರು ಮಾಡಿದರು. ಹಿರಿಯರು ಪುಟ್ಟ ಮಕ್ಕಳ ಜೊತೆ ಇಡೀ ದಿನ ಮಾವೋರಿಯಲ್ಲೇ ಕಳೆಯುತ್ತಾರೆ. 1996ರಲ್ಲಿ ಬಂದ ದೇಶದ ಶಿಶುಶಿಕ್ಷಣದ ಪಠ್ಯಕ್ರಮ 'ತೆ ಫಾರಿಕಿ' ಇಂಗ್ಲಿಷ್, ಮಾವೋರಿ ಎರಡೂ ಭಾಷೆಯಲ್ಲಿದೆ, ಮಾವೋರಿ ಚಿಂತನೆ ಅದರ ಬುನಾದಿಯಲ್ಲೇ ಇದೆ.

ಪ್ರಶ್ನೆ: ನಮ್ಮ ಭಾಷೆಯವರು ಹತ್ತಿರದಲ್ಲಿ ಯಾರೂ ಇಲ್ಲ. ಕಾರ್ಟೂನ್ ಹಾಕಿಕೊಟ್ಟರೆ ಮಗು ಭಾಷೆ ಕಲಿಯುತ್ತದೆಯೇ?

ಬರೀ ಅದರಿಂದ ಕಲಿಯುವುದು ಕಷ್ಟ. ಪೆಟ್ರಿಷಿಯಾ ಕುಲ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ 9 ತಿಂಗಳ ಶಿಶುಗಳ ಜೊತೆ ಮ್ಯಾಂಡರಿನ್ ಮಾತಾಡುವವರು ಎದುರು ಕೂತು ಆಡಿದಾಗ ಆ ಭಾಷೆಯ ಧ್ವನಿಗಳು ಶಿಶುಗಳಿಗೆ ಹಿಡಿದವು. ಅದೇ ಮಾತನ್ನು ಟೀವಿಯಲ್ಲಿ ತೋರಿಸಿದಾಗ ಹಿಡಿಯಲಿಲ್ಲ. ವಿಡಿಯೊ ಕಾಲ್ ಪರವಾಗಿಲ್ಲ, ಅಲ್ಲಿ ಮಗುವಿನ ಮಾತಿಗೆ ಉತ್ತರ ಬರುತ್ತದೆ. ಅಜ್ಜಿಯ ಹತ್ತಿರ ಒಂದು ಚಿತ್ರಪುಸ್ತಕ, ಮಗುವಿನ ಹತ್ತಿರ ಅದೇ ಪುಸ್ತಕದ ಇನ್ನೊಂದು ಪ್ರತಿ ಇರಲಿ. ಐದು ಹತ್ತು ನಿಮಿಷ ಸಾಕು, ಆದರೆ ಆದಷ್ಟು ದಿನಾ ಮಾಡಿ. ನೀವೂ ಪಕ್ಕದಲ್ಲಿ ಕೂತು ಪುಟ ತಿರುಗಿಸಿ. ಕಾರ್ಟೂನ್ ನೋಡುವುದೇ ಆದರೆ ಜೊತೆಗೆ ಕೂತು ನೋಡಿ, ಮುಗಿದ ಮೇಲೆ ಆ ಕಥೆಯ ಬಗ್ಗೆ ನಿಮ್ಮ ಭಾಷೆಯಲ್ಲಿ ಮಾತಾಡಿ.