ಜ್ವರದ ದರ್ಜೆ, ಕಮಲದ ಪೀಠ, ಉಂಗುರದ ಹಸು

ಪ್ರಶ್ನೆ: ಚೀನಾದಿಂದ ಒಂದು ಪುಟ್ಟ ಆಂಪ್ಲಿಫೈಯರ್ ಬೋರ್ಡ್ ತರಿಸಿದೆ. ಆ್ಯಪ್‌ನಲ್ಲಿ ವಿವರಣೆ ಕನ್ನಡದಲ್ಲೇ ಇತ್ತು, ತಲೆಬುಡ ತಿಳಿಯಲಿಲ್ಲ: 'ಜ್ವರ ದರ್ಜೆಯ ಶಕ್ತಿ ಬಿಡುಗಡೆ ಫಲಕ, 120 ವ್ಯಾಟ್ ಎರಡು, ಕೊಂಬು 4ರಿಂದ 8 ಓಮ್, ಕಮಲದ ಪೀಠ ಒಳಹರಿವು, ಕೊಂಬಿನ ಋಣ ಪರಸ್ಪರ ಕೂಡಕೂಡದು.' ಚಿಪ್ ಟಿಪಿಎ3116 ಅಂತೆ. 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಹಾಕಿದ್ದೇನೆ, ಸ್ಪೀಕರ್ 4 ಓಮ್. ಸಣ್ಣ ದನಿಯಲ್ಲಿ ಚೆನ್ನಾಗಿದೆ. ವಾಲ್ಯೂಮ್ ಏರಿಸಿದರೆ ಬಾಸ್ ಬಂದ ಕೂಡಲೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮೋಸ ಹೋದೆನೇ?

ಉತ್ತರ: ವ್ಯಾಟ್ ಲೆಕ್ಕದಲ್ಲಿ ಮೋಸವಿದೆ. ಆದರೆ ಬೋರ್ಡ್ ಕೆಟ್ಟಿರುವಂತೆ ಕಾಣುವುದಿಲ್ಲ, ಅಡಾಪ್ಟರ್ ಸಾಲುತ್ತಿಲ್ಲ. 12 ವೋಲ್ಟನ್ನು 2 ಆಂಪಿಯರ್‌ನಿಂದ ಗುಣಿಸಿ: ಒಳಗೆ ಹೋಗುವುದೇ 24 ವ್ಯಾಟ್. ಅದರಿಂದ ಎಡ–ಬಲ ಎರಡು ಚಾನೆಲ್‌ಗೆ 120ರಂತೆ 240 ವ್ಯಾಟ್ ಹೊರಬರುವುದು ಹೇಗೆ? ಬಾಸ್ ಬಡಿತಕ್ಕೆ ಒಮ್ಮೆಲೇ ಹೆಚ್ಚು ಕರೆಂಟ್ ಬೇಕಾದಾಗ ಅಡಾಪ್ಟರ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ, ಅಷ್ಟೇ.

ಈ ಬಗೆಯ ಬೋರ್ಡ್‌ಗಳಿಗೆ ನಾನು ಹಾಕುವ ಲೆಕ್ಕ ಸುಲಭದ್ದು. ಸಪ್ಲೈ ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟ್, 4 ಓಮ್ ಆದರೆ 144 ಭಾಗ 8, ಅಂದರೆ ಚಾನೆಲ್‌ಗೆ 18 ವ್ಯಾಟ್. ಹೆಚ್ಚುಕಮ್ಮಿ ಅಷ್ಟೇ ಶುದ್ಧವಾದ ದನಿ ಸಿಗುವುದು. ಈ ಚಿಪ್ ತಯಾರಿಸುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರೇ ಹೇಳಿಕೊಳ್ಳುವುದು 21 ವೋಲ್ಟ್‌ನಲ್ಲಿ 4 ಓಮ್‌ಗೆ ಚಾನೆಲ್‌ಗೆ 50 ವ್ಯಾಟ್, ಅದೂ ದನಿ ಶೇ. 10ರಷ್ಟು ಒಡೆದಿರುವಾಗ. ಹಾಗಾಗಿ 120 ಎಂಬ ಅಂಕಿಯನ್ನು ಮರೆತುಬಿಡಿ.

ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್, 4.74 ಆಂಪಿಯರ್ ಅಡಾಪ್ಟರ್ ಇದ್ದರೆ ಅದನ್ನೇ ಹಾಕಿ. ಪ್ಲಸ್ ಮೈನಸ್ ಸರಿಯಾಗಿದೆಯೇ ಎಂದು ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿ. 24 ವೋಲ್ಟ್ ಕೊಡಬಹುದೆಂದು ಬರೆದಿದ್ದರೂ, ಬೋರ್ಡಿನ ದೊಡ್ಡ ಕೆಪಾಸಿಟರ್ ಮೇಲೆ ಮುದ್ರಿಸಿರುವುದನ್ನು ಓದದೆ ಕೊಡಬೇಡಿ. ಅಲ್ಲಿರುವುದು ಅದು ತಾಳುವ ಗರಿಷ್ಠ ವೋಲ್ಟ್. 25 ವಿ ಎಂದಿದ್ದರೆ 24 ವೋಲ್ಟ್ ಅದಕ್ಕೆ ತೀರ ಅಂಚಿಗೆ ಬಂತು. ನನ್ನ ಒಂದು ಬೋರ್ಡಿನಲ್ಲಿ ಕೆಲವೇ ತಿಂಗಳಲ್ಲಿ ಕೆಪಾಸಿಟರ್‌ನ ನೆತ್ತಿ ಉಬ್ಬಿ, ಮೇಲೆ ಕೊರೆದಿರುವ ಗೀರು ಬಿಚ್ಚಿಕೊಂಡು, ಕಂದು ಅಂಟು ಜಿನುಗಿತ್ತು.

ಇನ್ನು ನಿಮ್ಮನ್ನು ಕಂಗೆಡಿಸಿದ ಭಾಷೆ. ಅದು ಹುಚ್ಚು ಭಾಷೆಯಲ್ಲ. ಚೀನಾದ ಕೆಲಸಗಾರರ ಆಡುಮಾತನ್ನು ಯಂತ್ರ ಪದಕ್ಕೆ ಪದ ಇಟ್ಟು ತಿರುಗಿಸಿದೆ. ಅಲ್ಲಿ ಸಂಗೀತ ಕೇಳುವ ಹುಚ್ಚು ಹಿಡಿದವರನ್ನು 'ಫಾಶಾವ್' ಎನ್ನುತ್ತಾರೆ, ಆ ಪದಕ್ಕೆ ಜ್ವರ ಬರುವುದು ಎಂದೇ ಅರ್ಥ. ಕಿವಿ ಸೂಕ್ಷ್ಮವಿರುವವರಿಗೆ ತಕ್ಕದ್ದು ಎಂಬುದು 'ಜ್ವರ ದರ್ಜೆ'ಯ ಭಾವ. ಗುಣಮಟ್ಟಕ್ಕೆ ಅದೇನೂ ಖಾತ್ರಿಯಲ್ಲ. ಕೊಂಬು ಎಂದರೆ ಸ್ಪೀಕರ್. ಕಮಲದ ಪೀಠ ಎಂದರೆ ಕೆಂಪು–ಬಿಳಿ ಪಿನ್ ಸಿಕ್ಕಿಸುವ ಆರ್‌ಸಿಎ ಸಾಕೆಟ್. ಮುಂದೆ ಎಲ್ಲಾದರೂ 'ಬಾಸ್ ಫಿರಂಗಿ' ಸಿಕ್ಕರೆ ಅದು ಸಬ್‌ವೂಫರ್, ಅಂದರೆ ಬಾಸ್‌ಗೆಂದೇ ಇರುವ ಸ್ಪೀಕರ್.

ನೀವು ಉಲ್ಲೇಖಿಸಿದ ಕೊನೆಯ ವಾಕ್ಯವಿದೆಯಲ್ಲ, 'ಕೊಂಬಿನ ಋಣ ಪರಸ್ಪರ ಕೂಡಕೂಡದು', ಇಡೀ ವಿವರಣೆಯಲ್ಲಿ ಬೆಲೆಬಾಳುವ ಮಾತು ಅದೊಂದೇ. ಎರಡು ಸ್ಪೀಕರ್‌ಗಳ ಮೈನಸ್ ತಂತಿಗಳನ್ನು ಒಂದಕ್ಕೊಂದು ಸೇರಿಸಬಾರದು, ಗ್ರೌಂಡ್‌ಗೂ (ಸಪ್ಲೈನ ಮೈನಸ್‌ಗೂ) ಕೊಡಬಾರದು ಎಂದು ಅದರ ಅರ್ಥ. ಈ ಚಿಪ್‌ಗಳಲ್ಲಿ ಸ್ಪೀಕರಿನ ಎರಡೂ ತುದಿಗಳನ್ನು ಆಂಪ್ಲಿಫೈಯರೇ ನಡೆಸುತ್ತದೆ. ಮೈನಸ್ ಎಂದು ಬರೆದಿದ್ದರೂ ಅದು ಗ್ರೌಂಡ್ ಅಲ್ಲ. ಇಂಥದೇ ಒಂದು ವಾಕ್ಯವನ್ನು ನಾನು ನಕ್ಕು ಬಿಟ್ಟುಬಿಟ್ಟಿದ್ದೆ. ಹಳೆಯ ಸೆಟ್‌ನಲ್ಲಿ ಎರಡು ಸ್ಪೀಕರ್‌ಗೂ ಒಂದೇ ವಾಪಸ್ ತಂತಿ ಎಳೆದಿದ್ದೆ, ಹೊಸ ಬೋರ್ಡಿಗೂ ಅದನ್ನೇ ಸಿಕ್ಕಿಸಿದೆ. ಸ್ವಿಚ್ ಒತ್ತಿದ್ದಷ್ಟೇ, ಟಪ್ ಎಂದಿತು. ನೋಡಿದರೆ ಚಿಪ್‌ನ ನಡುಮಧ್ಯೆ ಸಾಸಿವೆ ಗಾತ್ರದ ಕುಳಿ. ಅಂದಿನಿಂದ ಎಷ್ಟೇ ವಿಚಿತ್ರವಾಗಿರಲಿ, 'ಕೂಡದು', 'ಬೇಡ', 'ನಿಷೇಧ' ಎಂದಿರುವ ಸಾಲನ್ನು ಮೂರು ಸಲ ಓದುತ್ತೇನೆ.

ಪ್ರಶ್ನೆ: 'ಪಿತ್ತಕೋಶ ಮುಂದಿನ ಹಂತ 6ಜೆ1, ಬಿಡಿ ತುಂಡು, ವಿನಿಮಯ 12 ವೋಲ್ಟ್, ಉಂಗುರದ ಹಸು ಒಳಗೊಂಡಿಲ್ಲ.' ಇದನ್ನು ಕೊಳ್ಳಬಹುದೇ?

ಉತ್ತರ: ಬೆಸುಗೆ ಹಾಕಲು ಬಂದರೆ ಧಾರಾಳವಾಗಿ ಕೊಳ್ಳಿ. ಪಿತ್ತಕೋಶ ಎಂದರೆ ವಾಲ್ವ್, ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಕೊಳವೆ; 6ಜೆ1 ಅದರ ಮಾದರಿ. ಮುಂದಿನ ಹಂತ ಎಂದರೆ ಪ್ರೀಆಂಪ್, ಮುಖ್ಯ ಆಂಪ್ಲಿಫೈಯರ್‌ಗೆ ಮೊದಲು ಬರುವ ಘಟಕ. ಹಸು ಎಂಬುದು ಟ್ರಾನ್ಸ್‌ಫಾರ್ಮರಿಗೆ ಅವರ ಅಡ್ಡಹೆಸರು. ಉಂಗುರದ ಹಸು ಬಳೆಯಾಕಾರದ್ದು. 'ಬಿಡಿ ತುಂಡು' ಎಂದಿರುವುದರಿಂದ ಜೋಡಿಸಿದ ಬೋರ್ಡ್ ಬರುವುದಿಲ್ಲ, ಚೀಲದಲ್ಲಿ ಬಿಡಿಭಾಗ ಬರುತ್ತವೆ. 'ಖಾಲಿ ಫಲಕ' ಎಂದಿದ್ದರೆ ಬಿಡಿಭಾಗವೂ ಇಲ್ಲ. 'ವಿನಿಮಯ' ಅಂದರೆ ಎಸಿ. ಇದನ್ನು ಗಮನಿಸದೆ 12 ವೋಲ್ಟ್ ಡಿಸಿ ಅಡಾಪ್ಟರ್ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ, ಬೋರ್ಡಿಗೆ ಬೇಕಾದದ್ದು 12 ವೋಲ್ಟಿನ ಎಸಿ ಟ್ರಾನ್ಸ್‌ಫಾರ್ಮರ್. ಚಿತ್ರದಲ್ಲಿ ವಾಲ್ವ್ ನೀಲಿಯಾಗಿ ಹೊಳೆಯುತ್ತಿದ್ದರೆ ಅದು ಕೆಳಗಿಟ್ಟ ಎಲ್‌ಇಡಿ. ನಿಜವಾದ ಫಿಲಮೆಂಟಿನ ಕಿತ್ತಳೆ ಬೆಳಕು ಕತ್ತಲಲ್ಲಿ ಮಾತ್ರ ಮಂದವಾಗಿ ಕಾಣುತ್ತದೆ.

ಪ್ರಶ್ನೆ: 'ಯಂತ್ರ ಕಳಚಿದ' ಚಿಪ್ ಎಂದರೆ?

ಉತ್ತರ: ಹಳೆಯ ಸಾಧನದಿಂದ ಬಿಚ್ಚಿ ತೆಗೆದದ್ದು. ಹಾಗೆಂದು ಹೇಳಿ ಮಾರುವವರನ್ನು ನಾನು ನಂಬುತ್ತೇನೆ. ಮೇಲಿನ ಅಕ್ಷರ ಉಜ್ಜಿ ಹೊಸದಾಗಿ ಮುದ್ರಿಸಿದ ಚಿಪ್‌ಗಳ ಬಗ್ಗೆ ನನಗೆ ಭಯ. ಬಂದ ಕೂಡಲೇ ಹತ್ತಿಗೆ ಅಸಿಟೋನ್ ತಾಗಿಸಿ ಚಿಪ್‌ನ ನೆತ್ತಿ ಒರೆಸಿ. ಹತ್ತಿಗೆ ಕಪ್ಪು ಹತ್ತಿದರೆ ಹಣ ವಾಪಸ್ ಕೇಳಿ.