ಗೋಲ್ಡ್ ಕೋಸ್ಟ್‌ನ ಬೈಕಿಗಳು: ನಿಮ್ಮ ಪತ್ರಕ್ಕೆ ಉತ್ತರ

ಸಂತೋಷ್ ಅವರೇ, ನಮಸ್ಕಾರ.

ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ಗೆ ಬಂದಿಳಿದ ವಾರದಲ್ಲೇ ಪೆಟ್ರೋಲ್ ಬಂಕಿನಲ್ಲಿ ಹಾರ್ಲೆ ಸವಾರರ ದಂಡನ್ನು ಕಂಡು ಮನೆಯವರು ಹೆದರಿದರೆಂದೂ, ‘ಬೈಕಿ’ಗಳಿರುವ, ಅಂದರೆ ಅಪರಾಧಕ್ಕೆ ಹೆಸರಾದ ಮೋಟಾರ್‌ಸೈಕಲ್ ಗುಂಪುಗಳ ಸದಸ್ಯರಿರುವ ಊರಿನಲ್ಲಿ ಮಕ್ಕಳೊಂದಿಗೆ ನೆಲೆಸುವುದು ಕ್ಷೇಮವೇ ಎಂದೂ, ಬೆಂಗಳೂರಿನ ನಿಮ್ಮ ರೈಡಿಂಗ್ ಕ್ಲಬ್ಬಿನ ವೆಸ್ಟ್ ಇಲ್ಲಿ ತೊಡಬಹುದೇ ಎಂದೂ ಕೇಳಿದ್ದೀರಿ. ಆ ಸವಾರರ ಬೆನ್ನಿನ ಮೇಲೆ ಗಡ್ಡದ ಮುದುಕನ ಮುಖವಿತ್ತೆಂದು ನೀವೇ ಬರೆದಿದ್ದೀರಿ. ಅದು 1983ರಲ್ಲಿ ಆರಂಭವಾದ, ನಲವತ್ತು ದಾಟಿದವರ ಯುಲಿಸಿಸ್ ಕ್ಲಬ್ಬಿನ ಲಾಂಛನ. ಆ ಸವಾರರಲ್ಲಿ ಬಹುಪಾಲು ಮೊಮ್ಮಕ್ಕಳನ್ನು ಕಂಡವರಿರಬೇಕು. ನಿಜವಾದ ಬೈಕಿ ಗುಂಪುಗಳ ಲಾಂಛನವನ್ನು ಸಾರ್ವಜನಿಕ ಸ್ಥಳದಲ್ಲಿ ಧರಿಸುವುದನ್ನು ನಮ್ಮ ಕ್ವೀನ್ಸ್‌ಲ್ಯಾಂಡ್ ರಾಜ್ಯವು 2016ರ ಕಾನೂನಿನಲ್ಲಿ ನಿಷೇಧಿಸಿರುವುದರಿಂದ, ಇಲ್ಲಿ ಲಾಂಛನವನ್ನು ರಾಜಾರೋಷವಾಗಿ ತೊಟ್ಟು ತಿರುಗುವವನು ಬೈಕಿಯಾಗಿರುವ ಸಾಧ್ಯತೆ ಬಹಳ ಕಡಿಮೆ.

ಹಾಗೆಂದು ಜನರ ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. 1984ರ ಸೆಪ್ಟೆಂಬರ್ 2ರಂದು ಸಿಡ್ನಿಯ ಮಿಲ್ಪೆರಾದಲ್ಲಿ, ಪಬ್ಬೊಂದರ ವಾಹನ ನಿಲುಗಡೆಯ ಜಾಗದಲ್ಲಿ ಕೊಮಾಂಚೆರೊ ಮತ್ತು ಬ್ಯಾಂಡಿಡೋಸ್ ಎಂಬ ಬೈಕಿ ಗುಂಪುಗಳು ಬಂದೂಕು ಹಿಡಿದು ಕಾದಾಡಿ ಏಳು ಮಂದಿ ಸತ್ತರು. ಅವರಲ್ಲೊಬ್ಬಳು ಜಗಳಕ್ಕೆ ಸಂಬಂಧವೇ ಇಲ್ಲದ ಹದಿನಾಲ್ಕರ ಹುಡುಗಿ. ಗಮನಿಸಬೇಕಾದದ್ದೆಂದರೆ, ಆ ಬ್ಯಾಂಡಿಡೋಸ್‌ನವರು ಸ್ವಲ್ಪ ಕಾಲದ ಹಿಂದಷ್ಟೇ ಕೊಮಾಂಚೆರೊದಿಂದ ಸಿಡಿದು ಹೊರಬಂದವರು. ಟಿವಿ ಧಾರಾವಾಹಿಗಳು ವೈಭವೀಕರಿಸುವ ಸಹೋದರತ್ವದ ಬೆಲೆ ಇಷ್ಟೇ. ಒಳಗಿನ ಬದುಕಿನಲ್ಲಿ ಸ್ವಾತಂತ್ರ್ಯಕ್ಕಿಂತ ಕಟ್ಟುಪಾಡೇ ಹೆಚ್ಚು: ಅಧ್ಯಕ್ಷ, ಖಜಾಂಚಿ, ಶಿಸ್ತಿನ ಅಧಿಕಾರಿ, ಚಂದಾ, ಕಡ್ಡಾಯ ಸಭೆ, ಹೊಸಬ ಪೂರ್ಣ ಸದಸ್ಯನಾಗುವವರೆಗೆ ಹಿರಿಯರ ಬೈಕು ಕಾಯಬೇಕು, ಕ್ಲಬ್ಬಿನ ಕಸ ಗುಡಿಸಬೇಕು. ಹೆಣ್ಣುಮಕ್ಕಳಿಗಂತೂ ಸದಸ್ಯತ್ವವೇ ಇಲ್ಲ.

2013ರ ಸೆಪ್ಟೆಂಬರಿನಲ್ಲಿ ಇಲ್ಲೇ ಬ್ರಾಡ್‌ಬೀಚಿನಲ್ಲಿ ನಡೆದ ಬೀದಿ ಹೊಡೆದಾಟದ ನಂತರ ಸರ್ಕಾರ ತರಾತುರಿಯಿಂದ ತಂದ ಕಾನೂನಿನಲ್ಲಿ, ಅಪರಾಧಿ ಗುಂಪೆಂದು ಸರ್ಕಾರ ಘೋಷಿಸಿದ ಗುಂಪಿನ ಮೂವರು ಸಾರ್ವಜನಿಕವಾಗಿ ಒಟ್ಟಿಗೆ ಕಂಡರೂ ಕನಿಷ್ಠ ಆರು ತಿಂಗಳ ಜೈಲು ಎಂದಿತ್ತು. ಆ ದಿನಗಳಲ್ಲಿ ಭಾನುವಾರ ಸುಮ್ಮನೆ ಬೈಕ್ ಹತ್ತಿ ಹೊರಟ ಸಾಮಾನ್ಯ ಸವಾರರನ್ನೂ ಪೊಲೀಸರು ಮತ್ತೆ ಮತ್ತೆ ತಡೆದು ವಿಚಾರಿಸುತ್ತಿದ್ದರು. 2015ರಲ್ಲಿ ವರದಿ ನೀಡಿದ ಸಂಘಟಿತ ಅಪರಾಧಗಳ ವಿಚಾರಣಾ ಆಯೋಗವು, ಬೈಕಿಗಳ ಮೇಲೆಯೇ ಕಣ್ಣಿಟ್ಟಿದ್ದರಿಂದ ಹಣಕಾಸಿನ ವಂಚನೆ, ಅಂತರ್ಜಾಲದಲ್ಲಿ ಮಕ್ಕಳ ಶೋಷಣೆಯಂಥ ಅಪರಾಧಗಳತ್ತ ಸಾಕಷ್ಟು ಗಮನ ಹರಿಯಲಿಲ್ಲವೆಂದು ಹೇಳಿತು. ನನ್ನ ಅಭಿಪ್ರಾಯವೂ ಅದೇ. ನಮ್ಮ ಪರಿಚಯದ ಕುಟುಂಬಗಳಲ್ಲಿ ತೆರಿಗೆ ಇಲಾಖೆಯ ಹೆಸರಿನ ಸುಳ್ಳು ಕರೆಗೆ ಹಣ ಕಳೆದುಕೊಂಡವರಿದ್ದಾರೆ, ಬೈಕಿಗಳಿಂದ ಪೆಟ್ಟು ತಿಂದವರು ಒಬ್ಬರೂ ಇಲ್ಲ.

ಆದರೆ ನೀವು ಯೋಚಿಸದ ಒಂದು ದಾರಿಯಲ್ಲಿ ಅಪಾಯ ಎದುರಾಗಬಹುದು. ಇಂದಿನ ಬೈಕಿಗಳಲ್ಲಿ ಎಷ್ಟೋ ಮಂದಿ ಬೈಕನ್ನೇ ಓಡಿಸುವುದಿಲ್ಲ. ದುಬಾರಿ ಶೂ, ಅಚ್ಚುಕಟ್ಟಾದ ಕ್ಷೌರದ ಯುವಕರು ಅವರು. ವಿಕ್ಟೋರಿಯಾ ರಾಜ್ಯದಲ್ಲಿ 2023ರಿಂದೀಚೆಗೆ ಅಕ್ರಮ ಸಿಗರೇಟಿನ ದಂಧೆಯ ಪೈಪೋಟಿಯಲ್ಲಿ ನೂರಕ್ಕೂ ಹೆಚ್ಚು ಕಡೆ ಬೆಂಕಿ ಹಚ್ಚಲಾಗಿದ್ದು, ಅದರ ಹಿಂದಿನ ಜಾಲಗಳಲ್ಲಿ ಬೈಕಿಗಳ ನಂಟೂ ಇದೆ. ಆದ್ದರಿಂದ ನಿಮ್ಮ ಭಾವಮೈದುನ ಕೊಳ್ಳಬೇಕೆಂದಿರುವ ದಿನಸಿ ಅಂಗಡಿಯ ಲೆಕ್ಕಪತ್ರದಲ್ಲಿ ಸಿಗರೇಟಿನ ಲಾಭ ಅಸಹಜವಾಗಿ ಕಂಡರೆ, ಅಥವಾ ಪೊಟ್ಟಣಗಳು ಕೌಂಟರಿನ ಕೆಳಗಿಂದ ರಸೀದಿಯಿಲ್ಲದೆ ಹೊರಬರುತ್ತಿದ್ದರೆ, ಬೆಲೆ ಎಷ್ಟೇ ಅಗ್ಗವಾಗಿದ್ದರೂ ಆ ವ್ಯವಹಾರ ಬೇಡವೆನ್ನಿ.

ಇನ್ನು ನಿಮ್ಮ ವೆಸ್ಟ್. ಮೇಲೊಂದು ಕಮಾನಿನಲ್ಲಿ ಕ್ಲಬ್ಬಿನ ಹೆಸರು, ನಡುವೆ ಲಾಂಛನ, ಕೆಳಗೆ ಇನ್ನೊಂದು ಕಮಾನಿನಲ್ಲಿ ಊರಿನ ಹೆಸರು ಎಂಬ ಮೂರು ತುಂಡಿನ ವಿನ್ಯಾಸ ನಮ್ಮಲ್ಲಿ ಶೋಕಿಯಷ್ಟೇ, ಬೈಕಿಗಳ ಲೋಕದಲ್ಲಿ ಅದು ಪ್ರದೇಶದ ಮೇಲಿನ ಹಕ್ಕಿನ ಘೋಷಣೆ. ಪೊಲೀಸರೂ ತಡೆದಾರು, ಬೈಕಿಗಳೂ ತಡೆದಾರು. ಅದನ್ನು ಪೆಟ್ಟಿಗೆಯಲ್ಲೇ ಇಟ್ಟು, ಬರಿಯ ರೈಡಿಂಗ್ ಜಾಕೆಟ್ ತೊಟ್ಟು ಎನ್‌ಫೀಲ್ಡ್ ಓಡಿಸಿ. ಪರವಾನಗಿ ಬದಲಾಯಿಸಿಕೊಂಡ ಮೇಲೆ ತಿಳಿಸಿದರೆ ಸ್ಪ್ರಿಂಗ್‌ಬ್ರೂಕ್ ಬೆಟ್ಟದ ರಸ್ತೆಗೆ ಒಟ್ಟಿಗೆ ಹೋಗೋಣ.